ಓದುಗರೊಡನೆ: ಮಾಸ್ತಿಯವರ ಸಣ್ಣ ಕತೆಗಳನ್ನು ಓದುವ ಬಗೆ

ಈ ಸಲ ಕೈಸೇರಿದ ಪತ್ರಗಳಲ್ಲಿ ಐದು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಸಣ್ಣ ಕತೆಗಳಿಗೆ ಸಂಬಂಧಿಸಿದವು. ಒಂದರ ಉತ್ತರ ಇನ್ನೊಂದಕ್ಕೆ ನೆರವಾಗುವಂತಿರುವುದರಿಂದ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿದೆ.

ಪ್ರಶ್ನೆ: ನಿವೃತ್ತನಾದ ಮೇಲೆ ಮಾಸ್ತಿಯವರ ಎಲ್ಲ ಕತೆಗಳನ್ನೂ ಓದಿ ಮುಗಿಸಬೇಕೆಂದು ಸಂಪುಟಗಳನ್ನು ತರಿಸಿ ಮೊದಲ ಪುಟದಿಂದ ಹೊರಟೆ. ಇಪ್ಪತ್ತು ಕತೆ ದಾಟುವ ಹೊತ್ತಿಗೆ ದಾರಿ ತಪ್ಪಿದಂತಾಯಿತು. ಒಂದು ಕತೆ ಹಳ್ಳಿಯದು, ಮುಂದಿನದು ಬುದ್ಧನ ಶಿಷ್ಯನದು, ಆಮೇಲೊಂದು ಪಾಳೆಯಗಾರರ ಕಾಲದ್ದು, ಮತ್ತೊಂದು ರಷ್ಯಾದ್ದು. ನಾಲ್ಕೈದು ಮಂದಿ ಲೇಖಕರ ಪುಸ್ತಕವನ್ನು ಒಂದೇ ರಟ್ಟಿನೊಳಗೆ ಹೊಲಿದಂತೆ ತೋರುತ್ತದೆ. ಇವನ್ನು ಯಾವ ಕ್ರಮದಲ್ಲಿ ಓದಬೇಕು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಅನುಭವ ನನಗೂ ಆಗಿದೆ. ಕಾಲೇಜಿನಲ್ಲಿದ್ದಾಗ ಪರೀಕ್ಷೆಯ ಒತ್ತಡಕ್ಕೆ ಒಂದೇ ವಾರದಲ್ಲಿ ಈ ಕತೆಗಳ ಒಂದು ದಪ್ಪ ಸಂಗ್ರಹವನ್ನು ಓದಿ ಮುಗಿಸಿದ್ದೆ. ಕೊನೆಗೆ ಹೆಸರುಗಳೆಲ್ಲ ಕಲಸಿಹೋಗಿ, ಯಾವ ವೆಂಕಟ ಯಾವ ಕತೆಯವನು, ಯಾವ ರಂಗ ಯಾವ ಊರಿನವನು ಎಂಬುದೇ ತಿಳಿಯದೆ, ಇವರ ಬಗ್ಗೆ ಅನ್ಯಾಯವಾದ ಒಂದು ಅಸಡ್ಡೆಯನ್ನು ಕೆಲವು ವರ್ಷ ಇಟ್ಟುಕೊಂಡಿದ್ದೆ. ತಪ್ಪು ಓದಿದ ರೀತಿಯದಾಗಿತ್ತು.

ಮೊದಲು ಒಂದು ಸಂಗತಿಯನ್ನು ನೆನಪಿಡಬೇಕು. ಈ ಕತೆಗಳು ಒಂದು ಪುಸ್ತಕವಾಗಲೆಂದು ಬರೆದವಲ್ಲ. 'ರಂಗನ ಮದುವೆ' ಅವರು ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ ಬರೆದದ್ದು; ಮೊದಲ ಸಂಕಲನ 'ಕೆಲವು ಸಣ್ಣ ಕತೆಗಳು' ಬಂದದ್ದು 1920ರಲ್ಲಿ; ಸಣ್ಣ ಕತೆಗಳ 12 ಮತ್ತು 13ನೆಯ ಸಂಪುಟಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು 1968ರಲ್ಲಿ. ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ, ಒಂದೊಂದಾಗಿ, ಬಿಡುವು ಸಿಕ್ಕಾಗಲೆಲ್ಲ ಬರೆದ ನೂರಕ್ಕೂ ಹೆಚ್ಚು ಕತೆಗಳನ್ನು ನಾವು ಒಂದು ತಿಂಗಳಲ್ಲಿ ಓದಿ ಮುಗಿಸಲು ಹೊರಟರೆ ಉಸಿರು ಕಟ್ಟುವುದು ಸಹಜ. ಆದ್ದರಿಂದ ಸಂಪುಟದ ಅನುಕ್ರಮವನ್ನು ಪಾಲಿಸಬೇಕಾದ ಕಟ್ಟಳೆಯೇನೂ ಇಲ್ಲ.

ಎರಡನೆಯ ಸಂಗತಿ ಅವರ ಉದ್ಯೋಗಕ್ಕೆ ಸೇರಿದ್ದು. ಕೋಲಾರ ಜಿಲ್ಲೆಯ ಮಾಸ್ತಿಯ ನೆಲದಲ್ಲಿ 1891ರಲ್ಲಿ ಹುಟ್ಟಿದ ಇವರು ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮುಗಿಸಿ, 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿ, 1943ರಲ್ಲಿ ರಾಜೀನಾಮೆ ಕೊಡುವವರೆಗೂ ಅಧಿಕಾರಿಯಾಗಿದ್ದರು. ಆ ಕಾಲದ ಅಧಿಕಾರಿಯ ಕೆಲಸದಲ್ಲಿ ಬಹುಭಾಗ ಊರೂರಲ್ಲಿ ಮೊಕ್ಕಾಂ ಮಾಡಿ ಜನರ ಅಹವಾಲು ಕೇಳುವುದು. ಒಬ್ಬ ಬಂದು ತನ್ನ ಪಾಡನ್ನು ಹೇಳುತ್ತಾನೆ, ಅಧಿಕಾರಿ ಕೇಳುತ್ತಾನೆ. ನಡುವೆ ಒಂದು ಮಾತು ಹಾಕುತ್ತಾನೆ. ಹೇಳುವವನು ಮುಚ್ಚಿಟ್ಟದ್ದನ್ನು ಊಹಿಸುತ್ತಾನೆ. ಎದುರು ಕಕ್ಷಿಯವನು ಬಂದಾಗ ಅವನ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳುತ್ತಾನೆ. ಮಾಸ್ತಿಯವರ ಕತೆಗಳ ಒಳಗಿನ ಕಟ್ಟು ಇದೇ ಎಂಬುದು ನನ್ನ ಎಷ್ಟೋ ವರ್ಷದ ಓದಿನಿಂದ ನೆಲೆಯಾದ ಅಭಿಪ್ರಾಯ. ಅವರ ಕತೆಯಲ್ಲಿ ಹೇಳುವವರು ಎಷ್ಟು ಮುಖ್ಯರೋ ಕೇಳುವವರೂ ಅಷ್ಟೇ ಮುಖ್ಯರು. ಕತೆಯೊಳಗೆ ಒಬ್ಬ ಗೆಳೆಯನೋ, ಮನೆಯ ಹೆಣ್ಣುಮಗಳೋ, ದಾರಿಹೋಕನೋ ಕುಳಿತು ಕೇಳುತ್ತಿರುತ್ತಾನೆ, ಓದುವ ನಾವು ಆ ಕೇಳುಗನ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ವಸ್ತು ಬೇರೆಬೇರೆಯಾದರೂ ಈ ಕೇಳುವ ಕಿವಿ ಒಂದೇ. ನೀವು ಕಾಣದ ಆ 'ಒಬ್ಬ ಲೇಖಕ' ಅಲ್ಲಿದ್ದಾನೆ.

ಆದ್ದರಿಂದ ನನ್ನ ಸಲಹೆ ಇಷ್ಟು: ದಿನಕ್ಕೆ ಒಂದೇ ಕತೆ ಓದಿ. ಮೊದಲು ಹತ್ತಿರದ ಊರುಗಳ ಕತೆಗಳಿಂದ, ಅಂದರೆ 'ರಂಗನ ಮದುವೆ', 'ಮೊಸರಿನ ಮಂಗಮ್ಮ', 'ವೆಂಕಟಿಗನ ಹೆಂಡತಿ', 'ಜೋಗ್ಯೋರ ಅಂಜಪ್ಪನ ಕೋಳಿ ಕತೆ' ಇವುಗಳಿಂದ ತೊಡಗಿ. 'ಜೋಗಿಯವರ' ಎಂದು ತಿದ್ದಿ ಬರೆಯದೆ 'ಜೋಗ್ಯೋರ' ಎಂದು ಬಾಯಿಮಾತನ್ನು ತಲೆಬರಹಕ್ಕೇ ತಂದಿರುವುದನ್ನು ಗಮನಿಸಿ. ಕತೆ ಆರಂಭವಾಗುವ ಮೊದಲೇ ಯಾರ ನಾಲಿಗೆಯ ಮೇಲೆ ಅದು ನಡೆಯಲಿದೆ ಎಂಬುದನ್ನು ಹೇಳಿಬಿಡುತ್ತಾರೆ. ಆ ಕಿವಿ ಒಮ್ಮೆ ನಿಮಗೆ ಪರಿಚಯವಾಯಿತೆಂದರೆ ದೂರದ ಕತೆಗಳಿಗೆ ಹೋಗಬಹುದು. ದುಷ್ಯಂತನೊಡನೆ ಮರಳಿದ ನಂತರದ ಶಕುಂತಲೆಯನ್ನು ಕುರಿತ 'ಹೇಮಕೂಟದಿಂದ ಬಂದ ಮೇಲೆ', ಆನಂತರ 'ಸಾರಿಪುತ್ರನ ಕಡೆಯ ದಿನಗಳು', ಕೊನೆಗೆ 'ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜ ವೃಕ್ಷಗಳು'. ಈ ಕೊನೆಯ ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ರಷ್ಯಾದ ಬರ್ಚ್ ಮರಕ್ಕೆ ಅವರು ಹಿಮಾಲಯದ ಭೂರ್ಜದ ಹೆಸರಿಟ್ಟಿದ್ದಾರೆ, ನಮ್ಮ ಹಿರಿಯರು ಯಾವ ಮರದ ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದರೋ ಆ ಮರದ ಹೆಸರನ್ನು. ಎರಡೂ ಒಂದೇ ಕುಲದ ಮರಗಳು, ಹೆಸರುಗಳೂ ಮೂಲದಲ್ಲಿ ಒಂದೇ ಮಾತು. ಟಾಲ್‌ಸ್ಟಾಯ್ ಅವರನ್ನು 'ಮಹರ್ಷಿ' ಎಂದು ಕರೆದ ಕೂಡಲೇ ಅವರ ತೋಟದ ಮರಗಳು ಆಶ್ರಮದ ಮರಗಳಾಗಿಬಿಡುತ್ತವೆ. ಮಾಲೂರಿನ ಕಡೆಯ ಹಳ್ಳಿಯ ಕಟ್ಟೆಗೂ ರಷ್ಯಾದ ಆ ತೋಟಕ್ಕೂ ನಡುವಿನ ದೂರವನ್ನು ಎರಡು ಪದಗಳಲ್ಲಿ ದಾಟಿದ್ದಾರೆ. ನಿಮಗೆ ಬೇರೆ ಲೇಖಕರಂತೆ ತೋರಿದ್ದು ಇದೇ ಕತೆಯಲ್ಲಿದ್ದರೆ ಮತ್ತೊಮ್ಮೆ ಓದಿ ನೋಡಿ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ಮಾಸ್ತಿಯವರ ಕತೆಗಳು ಮನೆಯ ಹಿರಿಯರು ಜಗುಲಿಯಲ್ಲಿ ಕುಳಿತು ಹೇಳಿದಂತಿವೆ, ಅವುಗಳಲ್ಲಿ ಆಮೇಲೆ ಬಂದ ನವ್ಯ ಪಂಥದ ಕತೆಗಳಲ್ಲಿರುವ ಬಿಗಿ ಇಲ್ಲ ಎಂದು ತರಗತಿಯಲ್ಲಿ ಚರ್ಚೆಯಾಯಿತು. ನನಗೆ ಕತೆಗಳು ಇಷ್ಟವಾದವು, ಆದರೆ ಉತ್ತರ ಹೊಳೆಯಲಿಲ್ಲ. ಇವುಗಳಲ್ಲಿ ಕಲೆಗಾರಿಕೆ ಎಲ್ಲಿದೆ? (ಮೈಸೂರಿನ ಓದುಗರೊಬ್ಬರು)

ಉತ್ತರ: ಜಗುಲಿಯಲ್ಲಿ ಹೇಳಿದಂತಿವೆ ಎಂಬ ಮಾತು ನಿಜ. ಹಾಗೆ ತೋರುವಂತೆ ಬರೆಯುವುದು ಸುಲಭ ಎಂಬ ಊಹೆ ಮಾತ್ರ ನಿಜವಲ್ಲ. ಒಂದು ಕತೆಯನ್ನು ಹತ್ತಿರದಿಂದ ನೋಡೋಣ.

'ಮೊಸರಿನ ಮಂಗಮ್ಮ'ನ ಕತೆಯನ್ನು ಹೇಳುವವಳು ಬೆಂಗಳೂರಿನ ಒಬ್ಬ ಗೃಹಿಣಿ. ಹತ್ತಿರದ ಹಳ್ಳಿಯಿಂದ ದಿನವೂ ಬರುವ ಮಂಗಮ್ಮ ಮೊಸರು ಅಳೆದು ಕೊಟ್ಟ ಮೇಲೆ ಎಲೆ ಅಡಿಕೆ ಹಾಕಿಕೊಂಡು ಒಂದಿಷ್ಟು ಹೊತ್ತು ಮಾತಾಡಿ ಹೋಗುತ್ತಾಳೆ. ಆ ಮಾತುಗಳಲ್ಲೇ ಕತೆ ಬೆಳೆಯುತ್ತದೆ. ಸೊಸೆ ನಂಜಮ್ಮ ತನ್ನ ಮಗುವನ್ನು ಹೊಡೆದದ್ದಕ್ಕೆ ಅಜ್ಜಿ ರೇಗುತ್ತಾಳೆ, ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ, ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಯಾರಿಗಾಗಿ ಕೂಡಿಡಬೇಕು ಎಂಬ ನೋವಿನಲ್ಲಿ ತನಗೊಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಹಳ್ಳಿಯ ಮೊಸರು ಮಾರುವ ವಿಧವೆ, ವಯಸ್ಸಾದವಳು, ಮಖಮಲ್ಲಿನ ರವಿಕೆ! ಆ ಒಂದು ಬಟ್ಟೆಯಲ್ಲಿ ಆಕೆಯ ಹಟ, ಒಂಟಿತನ, ಬದುಕಿನಲ್ಲಿ ತನಗಾಗಿ ಏನನ್ನೂ ಮಾಡಿಕೊಳ್ಳಲಿಲ್ಲ ಎಂಬ ತಡವಾಗಿ ಎದ್ದ ಆಸೆ ಎಲ್ಲವೂ ಕಾಣುತ್ತವೆ; ಮಾಸ್ತಿಯವರು ಅದನ್ನು ವಿವರಿಸಲು ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ. ಇದರ ಬೆನ್ನಿಗೇ ದಾರಿಯಲ್ಲಿ ರಂಗಪ್ಪನೆಂಬವನು ಸಾಲ ಕೇಳುವ ನೆಪದಲ್ಲಿ ಸಲಿಗೆ ಬೆಳೆಸಲು ನೋಡುತ್ತಾನೆ. ತಲೆಗೆ ಕಾಗೆ ಮುಟ್ಟಿತೆಂದು ಅವಳು ಸಾವಿನ ಭಯದಲ್ಲಿ ನಡುಗುತ್ತಾಳೆ.

ಅತ್ತೆಯ ಗಂಟು ರಂಗಪ್ಪನ ಪಾಲಾದೀತೆಂದು ಸೊಸೆ ಎಚ್ಚೆತ್ತು, ಮಗುವನ್ನು ಅಜ್ಜಿಯ ಬಳಿಗೆ ಕಳಿಸುತ್ತಾಳೆ. ಮೊಮ್ಮಗ ಬಂದು ಸೆರಗು ಹಿಡಿದ ಮೇಲೆ ಮುದುಕಿಯ ಹಟ ಎಷ್ಟು ದಿನ ನಿಂತೀತು? ಮನೆ ಮತ್ತೆ ಒಂದಾಗುತ್ತದೆ. ಸಾಧಾರಣ ಕತೆಗಾರ ಇಲ್ಲಿಗೆ ನಿಲ್ಲಿಸುತ್ತಿದ್ದ. ಮಾಸ್ತಿಯವರು ಮುಂದೆ ಒಂದು ಹೆಜ್ಜೆ ಇಟ್ಟು, ಮೊಸರಿನ ಕುಕ್ಕೆಯನ್ನು ಸೊಸೆಯ ತಲೆಗೆ ಏರಿಸಿ ಅದೇ ಗೃಹಿಣಿಯ ಬಾಗಿಲಿಗೆ ಅವಳನ್ನೂ ಕರೆತರುತ್ತಾರೆ. ಈವರೆಗೆ ಅತ್ತೆಯ ಮಾತನ್ನಷ್ಟೇ ಕೇಳಿ ಸೊಸೆಯನ್ನು ಗಯ್ಯಾಳಿಯೆಂದುಕೊಂಡಿದ್ದ ನಾವು ಈಗ ನಂಜಮ್ಮನ ಮಾತನ್ನು ಕೇಳಬೇಕಾಗುತ್ತದೆ: ಹೆತ್ತ ಮಗುವನ್ನು ಗದರಿಸುವ ಅಧಿಕಾರವೂ ತಾಯಿಗಿಲ್ಲದಿದ್ದರೆ, ಗಂಡನೂ ಅತ್ತೆಯ ಕೈಯಲ್ಲಿ, ಮಗುವೂ ಅತ್ತೆಯ ಕೈಯಲ್ಲಿ ಎಂದಾದರೆ, ಆ ಮನೆಯಲ್ಲಿ ತನ್ನದೆಂಬುದು ಯಾವುದು? ಈ ಪ್ರಶ್ನೆ ಬಂದ ಕೂಡಲೇ ಹಿಂದೆ ಓದಿದ್ದೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಮಂಗಮ್ಮ ಸುಳ್ಳು ಹೇಳಿರಲಿಲ್ಲ. ತನಗೆ ಕಂಡಷ್ಟನ್ನು ಹೇಳಿದ್ದಳು. ಜಗುಲಿಯ ಹರಟೆಯೆಂದು ನೀವು ತಿಳಿದದ್ದರ ಒಳಗೆ ಎರಡೂ ಕಕ್ಷಿಯ ಹೇಳಿಕೆಗಳನ್ನು ಸರಿಯಾದ ಸರದಿಯಲ್ಲಿ ಇರಿಸಿದ ಲೆಕ್ಕಾಚಾರವಿದೆ. ನಂಜಮ್ಮನ ಮಾತು ಮೊದಲೇ ಬಂದಿದ್ದರೆ ಕತೆ ಸತ್ತುಹೋಗುತ್ತಿತ್ತು.

ಈ ಕತೆಯನ್ನು ಹೆಣ್ಣೊಬ್ಬಳ ಬಾಯಲ್ಲಿ ಹೇಳಿಸಿರುವುದಕ್ಕೂ ಕಾರಣವಿದೆ. ಮಂಗಮ್ಮ ತನ್ನ ಗಂಡ ಬೇರೆಯವಳ ಹಿಂದೆ ಹೋಗಿದ್ದ ಸಂಗತಿಯನ್ನು ಗಂಡಸಾದ ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೇಳುವವರು ಯಾರು ಎಂಬುದರ ಮೇಲೆ ಹೇಳುವ ಮಾತು ನಿಲ್ಲುತ್ತದೆ ಎಂಬುದನ್ನು ಅರಿತವರು ಮಾತ್ರ ಇಂಥ ಆಯ್ಕೆ ಮಾಡುತ್ತಾರೆ. ನಿಮ್ಮ ತರಗತಿಯಲ್ಲಿ ಈ ಪ್ರಶ್ನೆಯನ್ನೇ ಇಡಿ: ಇದೇ ಕತೆಯನ್ನು ಮಗನ ಬಾಯಲ್ಲಿ ಹೇಳಿಸಿದ್ದರೆ ಏನು ಉಳಿಯುತ್ತಿತ್ತು?

ನವ್ಯದ ಬಿಗಿಯೂ ದೊಡ್ಡ ಗುಣ; ಅದನ್ನು ಅಲ್ಲಗಳೆಯುವ ಇಚ್ಛೆ ನನಗಿಲ್ಲ. ಅಲ್ಲಿ ಒಬ್ಬನ ಮನಸ್ಸಿನೊಳಗೆ ಇಳಿಯುವ ಕೆಲಸ ನಡೆಯುತ್ತದೆ, ಇಲ್ಲಿ ಇಬ್ಬರ ನಡುವೆ ಮಾತು ಹೇಗೆ ಸಾಗುತ್ತದೆ ಎಂಬುದನ್ನು ನೋಡುವ ಕೆಲಸ. ಮಾಸ್ತಿಯವರ ಎಲ್ಲ ಕತೆಗಳೂ ಈ ಎತ್ತರಕ್ಕೆ ಏರುತ್ತವೆಂದೂ ನಾನು ಹೇಳಲಾರೆ. ಕೆಲವು ಕತೆಗಳಲ್ಲಿ ಒಳ್ಳೆಯತನ ಮೊದಲೇ ಗೆದ್ದುಬಿಟ್ಟಿರುತ್ತದೆ, ಎದುರಾಳಿಯೇ ಇರುವುದಿಲ್ಲ. ಕೆಲವು ಐತಿಹ್ಯದ ಕತೆಗಳು ಘಟನೆಯನ್ನು ಹೇಳಿ ಮುಗಿಸುವ ಅವಸರದಲ್ಲಿ ಮನುಷ್ಯರನ್ನು ಹಿಂದೆ ಬಿಡುತ್ತವೆ. ಅಂಥವನ್ನು ಒಮ್ಮೆ ಓದಿ ಮುಂದೆ ಹೋಗಬಹುದು.

ಪ್ರಶ್ನೆ: 'ರಂಗನ ಮದುವೆ'ಯನ್ನು ನಗೆಯ ಕತೆಯೆಂದು ಎಲ್ಲರೂ ಹೊಗಳುತ್ತಾರೆ. ಹನ್ನೊಂದು ವರ್ಷದ ಹುಡುಗಿಯನ್ನು ಉಪಾಯದಿಂದ ಮದುವೆ ಮಾಡಿಸುವ ಕತೆಗೆ ನಾನು ನಗಲಾರೆ. ಹಾಗಾದರೆ ನಾನು ತಪ್ಪು ಓದುತ್ತಿದ್ದೇನೆಯೇ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಇಲ್ಲ. ನಿಮ್ಮ ಕಸಿವಿಸಿ ನ್ಯಾಯವಾದದ್ದು, ಅದನ್ನು ಅದುಮಿಟ್ಟು ಓದಬೇಕಾಗಿಯೂ ಇಲ್ಲ. ಆ ಕಾಲದ ಕಟ್ಟಳೆಯನ್ನು ಮಾತ್ರ ತಿಳಿದಿರುವುದು ಒಳ್ಳೆಯದು. ಮೈಸೂರು ಸಂಸ್ಥಾನ 1894ರ ಕಾಯಿದೆಯಿಂದ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಹದಿನಾಲ್ಕರ ಮಿತಿಯನ್ನು ಇಟ್ಟ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಕತೆ ಈ ಎರಡರ ನಡುವಿನ ಕಾಲದ್ದು. ಅಂದಿನ ಓದುಗರಿಗೆ ಆ ಹುಡುಗಿ ರತ್ನಳ ವಯಸ್ಸು ಪ್ರಶ್ನೆಯಾಗಿರಲಿಲ್ಲ. ಬೆಂಗಳೂರಿನಲ್ಲಿ ಓದಿಬಂದ ರಂಗ ಈಗಲೇ ಮದುವೆ ಬೇಡ, ಬೆಳೆದು ತಿಳಿವಳಿಕೆ ಬಂದ ಹೆಣ್ಣನ್ನು ಮೆಚ್ಚಿ ಆಗುತ್ತೇನೆ ಎನ್ನುವುದೇ ಹೊಸ ಪ್ರಶ್ನೆಯಾಗಿತ್ತು.

ಇಲ್ಲಿ ಒಂದು ಅಂಶವನ್ನು ನೋಡಿ. ಆ ಹೊಸ ಮಾತನ್ನು ಸೋಲಿಸಲು ಊರಿನವನಾದ ಶ್ಯಾಮ ಏನು ಮಾಡುತ್ತಾನೆ? ಮಜ್ಜಿಗೆಯ ನೆಪದಲ್ಲಿ ಹುಡುಗಿಯನ್ನು ಸಿಂಗರಿಸಿ ಮನೆಗೆ ಕರೆಸುತ್ತಾನೆ, ಅವಳು ಹಾಡುತ್ತಿರುವಾಗ ರಂಗ ಬರುವಂತೆ ಮಾಡುತ್ತಾನೆ, ಅವಳಿಗೆ ಮದುವೆಯಾಗಿದೆಯೆಂದು ಸುಳ್ಳು ಹೇಳಿ ಅವನ ಮುಖ ಬಾಡುವುದನ್ನು ನೋಡುತ್ತಾನೆ, ಆಮೇಲೆ ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು ಅವರ ಬಾಯಿಂದ ರತ್ನಳ ಹೆಸರು ಹೊರಡಿಸುತ್ತಾನೆ. ಎಲ್ಲ ಮುಗಿದ ಮೇಲೆ, ನಾನು ಹೇಳಿಕೊಟ್ಟದ್ದನ್ನು ಚೆನ್ನಾಗಿ ಒಪ್ಪಿಸಿದಿರಿ ಎಂದರೆ ಶಾಸ್ತ್ರಿಗಳಿಗೆ ಸಿಟ್ಟು ಬರುತ್ತದೆ. ನೀನು ಹೇಳದಿದ್ದರೂ ಶಾಸ್ತ್ರದಿಂದ ನನಗೆ ಅದೆಲ್ಲ ತಿಳಿಯುತ್ತಿತ್ತು ಎಂಬುದು ಅವರ ವಾದ. ಈ ಉಪಾಯಗಳನ್ನೆಲ್ಲ ಶ್ಯಾಮ ತಾನೇ ಹೆಮ್ಮೆಯಿಂದ ನಮಗೆ ಒಪ್ಪಿಸುತ್ತಾನೆ. ಅವನು ಮಾಸ್ತಿಯವರಲ್ಲ, ಅವರು ರೂಪಿಸಿದ ಒಬ್ಬ ಹಳ್ಳಿಯ ಮಾತುಗಾರ. ಅವನ ಊರು ಹೊಸಹಳ್ಳಿ ಯಾವ ಭೂಪಟದಲ್ಲೂ ಇಲ್ಲ ಎಂಬ ಅಳಲಿನಿಂದ ಕತೆ ತೊಡಗುತ್ತದೆ. ಊರಿಗೆ ಮರಳಿದ ರಂಗನ ಎದೆ ತಡವಿ ಜನಿವಾರ ಇನ್ನೂ ಇದೆಯೆಂದು ಸಮಾಧಾನಪಡುವ ಮುದುಕಿಯನ್ನು ತೋರಿಸುವವನೂ ಅವನೇ. ಹೊರಗಿನ ಗಾಳಿಗೆ ತನ್ನ ಹುಡುಗ ಕೈಬಿಟ್ಟು ಹೋದಾನೆಂಬ ಊರಿನ ಭಯ ಈ ನಗೆಯ ಅಡಿಯಲ್ಲಿದೆ.

ಆದರೂ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಮಂಗಮ್ಮನ ಕತೆಯಲ್ಲಿ ಸೊಸೆಗೆ ಸಿಕ್ಕ ಸರದಿ ಇಲ್ಲಿ ರತ್ನಳಿಗೆ ಸಿಗಲಿಲ್ಲ. ತಂದೆತಾಯಿಯಿಲ್ಲದ, ವೀಣೆ ಬಲ್ಲ ಆ ಹುಡುಗಿ ಹಾಡುತ್ತಾಳೆ, ಬಾಗಿಲಲ್ಲಿ ಯಾರನ್ನೋ ಕಂಡು ಹಾಡು ನಿಲ್ಲಿಸುತ್ತಾಳೆ, ಅಷ್ಟೇ. ಅವಳ ಮಾತನ್ನು ಯಾರೂ ಕೇಳಲಿಲ್ಲ. ಮುಂದಿನ ದಶಕಗಳಲ್ಲಿ ಈ ಲೇಖಕರ ಕಿವಿ ಹೆಣ್ಣುಮಕ್ಕಳ ಕಡೆಗೆ ಎಷ್ಟು ತಿರುಗಿತು ಎಂಬುದನ್ನು ಅಳೆಯಲು ಈ ಎರಡು ಕತೆಗಳನ್ನು ಒಂದಾದ ಮೇಲೊಂದು ಓದಿ. ಆಮೇಲೆ, ಬಿಟ್ಟುಹೋದ ಹೆಂಡತಿ ಮರಳಿ ಬಂದಾಗ ಅವಳನ್ನೂ ಅವಳ ಮಗುವನ್ನೂ ಮನೆಗೆ ಸೇರಿಸಿಕೊಳ್ಳುವ ಬಡವನ ಕತೆಯಾದ 'ವೆಂಕಟಿಗನ ಹೆಂಡತಿ'ಯನ್ನು ಓದಿ. ಅಂದಿನ ಸಮಾಜ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವಂಥ ಸಂಗತಿಯನ್ನು ಅಲ್ಲಿ ಎಷ್ಟು ಮೆಲ್ಲಗೆ ಕೈಗೆತ್ತಿಕೊಂಡಿದ್ದಾರೆಂಬುದು ಕಾಣುತ್ತದೆ.

ಪ್ರಶ್ನೆ: ಕನ್ನಡ ಸಣ್ಣಕತೆಯ ಜನಕರು ಮಾಸ್ತಿಯವರೇ? ನಮ್ಮ ಕಡೆ ಪಂಜೆಯವರ ಹೆಸರು ಹೇಳುತ್ತಾರೆ. (ಪುತ್ತೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಕಡೆಯವರ ಮಾತಿಗೆ ಆಧಾರವಿದೆ. ಪಂಜೆ ಮಂಗೇಶರಾಯರು ಮಾಸ್ತಿಯವರಿಗಿಂತ ಮೊದಲೇ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಕತೆ ಬರೆದಿದ್ದರು. ಉತ್ತರ ಕರ್ನಾಟಕದಲ್ಲಿ ಕೆರೂರು ವಾಸುದೇವಾಚಾರ್ಯರೂ ಬರೆಯುತ್ತಿದ್ದರು. ಮೊದಲು ಬರೆದವರ ಗೌರವ ಅವರಿಗೆ ಸಲ್ಲಬೇಕು. ಕತೆಯನ್ನೇ ಬಾಳಿನುದ್ದಕ್ಕೂ ಕೈಬಿಡದೆ ಬರೆದು, ಈ ಪ್ರಕಾರಕ್ಕೆ ಕನ್ನಡದಲ್ಲಿ ಒಂದು ಸ್ಥಿರವಾದ ನೆಲೆ ಕಟ್ಟಿಕೊಟ್ಟವರು ಮಾಸ್ತಿಯವರು. ಮನೆಮಾತು ತಮಿಳಾಗಿದ್ದ ಅವರು, 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಬರೆಯುತ್ತ, ಕೋಲಾರದ ಸೀಮೆಯ ಆಡುಮಾತನ್ನು ಇಷ್ಟು ಸಹಜವಾಗಿ ಹಿಡಿದದ್ದು ನನಗೆ ಇಂದಿಗೂ ಸೋಜಿಗ. 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು 'ಚಿಕವೀರ ರಾಜೇಂದ್ರ' ಕಾದಂಬರಿಗೆ. ಹಾಗಾಗಿ ಅನೇಕರು ಆ ಪುಸ್ತಕದಿಂದ ಅವರನ್ನು ಓದಲು ತೊಡಗುತ್ತಾರೆ. ನನ್ನನ್ನು ಕೇಳಿದರೆ ಕತೆಗಳಿಂದ ತೊಡಗುವುದೇ ಮೇಲು.

ಪ್ರಶ್ನೆ: ಪುಣೆಯಲ್ಲಿ ನೆಲೆಸಿದ್ದೇವೆ. ಹದಿಮೂರು ವರ್ಷದ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ನಿಧಾನ. ಅವಳೊಡನೆ ಮಾಸ್ತಿಯವರನ್ನು ಓದಬಹುದೇ? ಎಲ್ಲಿಂದ ತೊಡಗಬೇಕು?

ಉತ್ತರ: ಖಂಡಿತ ಓದಬಹುದು. ಮಾತು ಬಲ್ಲ ಮಗುವಿಗೆ ಈ ಕತೆಗಳು ಬೇರೆ ಎಷ್ಟೋ ಬರಹಗಳಿಗಿಂತ ಬೇಗ ಒಲಿಯುತ್ತವೆ, ಏಕೆಂದರೆ ವಾಕ್ಯಗಳು ಬಾಯಿಗೆ ಹತ್ತಿರ. ಆದರೆ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಹೋಗಬೇಡಿ, ನೀವೇ ಗಟ್ಟಿಯಾಗಿ ಓದಿ. ನಮ್ಮ ಮನೆಯಲ್ಲಿ ಅಕ್ಷರ ಬಾರದ ಅಜ್ಜಿಗೆ ಸಂಜೆಯ ಹೊತ್ತು ನಾನು 'ಮೊಸರಿನ ಮಂಗಮ್ಮ'ನನ್ನು ಓದಿ ಹೇಳಿದ್ದೆ. ಮಂಗಮ್ಮ ಬೇರೆ ಒಲೆ ಹೂಡುವಲ್ಲಿ ಅಜ್ಜಿ ಹೂಬತ್ತಿ ಹೊಸೆಯುವ ಕೈ ನಿಲ್ಲಿಸಿ, "ಮಗ ಏನಂದ?" ಎಂದು ಕೇಳಿದರು. ಓದುವವರು ಆ ಪ್ರಶ್ನೆಗೆ ಅಲ್ಲಿ ನಿಲ್ಲಬೇಕಾಗುತ್ತದೆ. ನಿಮ್ಮ ಮಗಳೂ ನಡುನಡುವೆ ಕೇಳಲಿ.

ಮಂಗಮ್ಮನಿಂದಲೇ ತೊಡಗಿ. ಮೊದಲ ಸಂಜೆ ಅವಳು ಮಗನ ಮನೆಯಿಂದ ಬೇರೆಯಾಗುವವರೆಗೆ, ಎರಡನೆಯ ಸಂಜೆ ಮೊಮ್ಮಗ ಮರಳುವವರೆಗೆ, ಮೂರನೆಯ ಸಂಜೆ ಉಳಿದದ್ದು. ಮಂಗಮ್ಮನ ಮಾತುಗಳನ್ನು ನೀವು ಓದಿ. ಸೊಸೆ ನಂಜಮ್ಮ ಬಾಯಿಬಿಡುವ ಭಾಗ ಬಂದಾಗ, ಎಷ್ಟೇ ನಿಧಾನವಾದರೂ ಸರಿ, ಪುಸ್ತಕವನ್ನು ಮಗಳ ಕೈಗೆ ಕೊಡಿ.